ಕ್ಲೋರ್‌ಪೈರಿಫಾಸ್ ಕೀಟನಾಶಕದಲ್ಲಿಟ್ಟ ರೋಹು ಮೀನು: ಮಾಂಸದ ಕೊಬ್ಬು ಇಳಿದಿದೆ, ಲಿವರ್‌ನದು ಏರಿದೆ. ಯಾಕೆ?

ರೋಹುಮರಿ:
ಬೆಂಗಳೂರಲ್ಲಿ ಎಂಎಸ್ಸಿ ಪ್ರಾಜೆಕ್ಟ್. ಬೆರಳುದ್ದದ ರೋಹು ಮರಿಗಳು, ಕ್ಲೋರ್‌ಪೈರಿಫಾಸ್ 20 ಇಸಿ (ನೀರಲ್ಲಿ ಬೆರೆಸುವ ದ್ರವರೂಪ), 96 ಗಂಟೆಯ ಎಲ್‌ಸಿ50ಯ (ಅಷ್ಟು ಹೊತ್ತಲ್ಲಿ ಅರ್ಧದಷ್ಟು ಮೀನು ಸಾಯುವ ಪ್ರಮಾಣ) ಹತ್ತನೇ ಒಂದು ಪಾಲು, 14 ದಿನ. ಕೊಬ್ಬು ತೆಗೆದದ್ದು ಫೋಲ್ಚ್ ವಿಧಾನದಲ್ಲಿ (ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಕರಗಿಸಿ). ಕಂಟ್ರೋಲ್‌ಗೆ (ವಿಷವಿಲ್ಲದ ಗುಂಪಿಗೆ) ಹೋಲಿಸಿದರೆ ಮಾಂಸದಲ್ಲಿ ಕಡಿಮೆ, ಲಿವರ್‌ನಲ್ಲಿ ಜಾಸ್ತಿ. ಎರಡೂ ಇಳಿಯಬೇಕಿತ್ತಲ್ವಾ?

ಜಲಚರ:
ಇಳಿಯಲೇಬೇಕು ಅಂತೇನಿಲ್ಲ. ಒತ್ತಡಕ್ಕೆ ಕಾರ್ಟಿಸಾಲ್ ಹಾರ್ಮೋನ್ ಏರುತ್ತೆ, ಗ್ಲೈಕೋಜನ್ (ಮೈಯಲ್ಲಿ ಕೂಡಿಟ್ಟ ಸಕ್ಕರೆ) ಖಾಲಿಯಾಗ್ತಾ ಬಂದಂತೆ ಶೇಖರಿಸಿಟ್ಟ ಕೊಬ್ಬು ಕರಗಿ ರಕ್ತಕ್ಕೆ ಬರುತ್ತೆ. ಅದು ಲಿವರ್ ತಲುಪಿದಾಗ ಅಲ್ಲಿ ಮೈಟೊಕಾಂಡ್ರಿಯಾ ಪೆಟ್ಟು ತಿಂದಿದ್ದರೆ ಉರಿಸಲೂ ಆಗಲ್ಲ, ಲಿಪೊಪ್ರೊಟೀನ್ ಮಾಡಿ ಹೊರಗೆ ಕಳಿಸಲೂ ಆಗಲ್ಲ, ಅಲ್ಲೇ ಕೂರುತ್ತೆ. ಹಾಗಾಗಿ ನಿಮ್ಮ ಫಲಿತಾಂಶ ಅಸಂಬದ್ಧವೇನಲ್ಲ.

ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ: ಮೀನು ತಿಂದವಾ? ಕೀಟನಾಶಕದ ನೀರಲ್ಲಿ ಮೇವು ಬಿಡೋದು ಮಾಮೂಲು. ಬರೀ ಉಪವಾಸಕ್ಕೇ ಮಾಂಸದ ಕೊಬ್ಬು ಇಳಿಯುತ್ತೆ. ವಿಷದ ಗುಂಪು ಎಷ್ಟು ತಿಂದಿತೋ ಅಷ್ಟೇ ಮೇವು ಕೊಟ್ಟ, ವಿಷವಿಲ್ಲದ ಇನ್ನೊಂದು ಗುಂಪು ಇರಲೇಬೇಕು. ಇಸಿಯಲ್ಲಿ ದ್ರಾವಕ, ಎಮಲ್ಸಿಫೈಯರ್ ಕೂಡ ಇರುತ್ತೆ. ಬರೀ ನೀರಿನ ಕಂಟ್ರೋಲ್ ಇಟ್ಟುಕೊಂಡು ಎಲ್ಲಾ ಬದಲಾವಣೆಯನ್ನೂ ಕ್ಲೋರ್‌ಪೈರಿಫಾಸ್ ತಲೆಗೆ ಕಟ್ಟೋಕಾಗಲ್ಲ.

ಪಿಪೆಟ್:
ಹಸಿ ತೂಕದ ಮೇಲೆ ಲೆಕ್ಕ ಹಾಕಿದ್ದೀರಾ? ಉದಾಹರಣೆಗೆ, ಕಂಟ್ರೋಲ್ ಮಾಂಸದಲ್ಲಿ ನೀರು 78%, ಕೊಬ್ಬು 2% ಅಂತಿಟ್ಟುಕೊಳ್ಳಿ; ಒಣ ತೂಕಕ್ಕೆ ಅದು 9.1%. ವಿಷದ ಗುಂಪಲ್ಲಿ ನೀರು 82%, ಕೊಬ್ಬು 1.7%, ಒಣ ತೂಕಕ್ಕೆ 9.4%. ಹಸಿಯಲ್ಲಿ ಕಂಡ ಇಳಿಕೆ ಒಣ ತೂಕದಲ್ಲಿ ಮಾಯ! ಅದೇ ಅಂಗಾಂಶದ ಒಂದು ತುಂಡನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ತೇವಾಂಶ ತೆಗೆಯಿರಿ.

ಮಾಂಸ ಪ್ರತಿ ಮೀನಲ್ಲೂ ಒಂದೇ ಜಾಗದ್ದಾಗಿರಲಿ. ಪಕ್ಕದ ಗೆರೆಯುದ್ದಕ್ಕೂ ಇರುವ ಕೆಂಪು ಸ್ನಾಯುವಿನಲ್ಲಿ ಬಿಳಿಯದಕ್ಕಿಂತ ಕೊಬ್ಬು ಜಾಸ್ತಿ. ಬ್ಲೇಡ್ ಸ್ವಲ್ಪ ಆಚೀಚೆ ಆದರೂ ಅಂಕಿ ಏರುಪೇರು.

ಫೋಲ್ಚ್‌ಗೆ 1 ಗ್ರಾಂಗೆ 20 ಮಿಲಿ ಕ್ಲೋರೋಫಾರ್ಮ್-ಮೆಥನಾಲ್ (2:1), ಸೋಸಿದ ಮೇಲೆ 4 ಮಿಲಿ 0.9% ಸಲೈನ್. ಕೆಳಗಿನ ಪದರವನ್ನು ಮಾತ್ರ ತೆಗೆದು ನೈಟ್ರೋಜನ್‌ನಲ್ಲಿ ಆರಿಸಿ. ಗಾಜಿನ ಟ್ಯೂಬೇ ಬೇಕು. ಪ್ಲಾಸ್ಟಿಕ್‌ನದು ಕ್ಲೋರೋಫಾರ್ಮ್‌ಗೆ ಕರಗಿ ಬಂದರೆ ಅದೂ ‘ಕೊಬ್ಬು’ ಅಂತ ತೂಗುತ್ತೆ. ದ್ರಾವಕಕ್ಕೆ 0.01% ಬಿಎಚ್‌ಟಿ ಹಾಕಿದರೆ ಕೊಬ್ಬು ಆಕ್ಸಿಡೈಸ್ ಆಗೋದು ತಪ್ಪುತ್ತೆ.

ಕೆರೆನೀರು:
ನೀರಿನ ಕಡೆಯೂ ನೋಡಿ. ಕಾವೇರಿ ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಬಳಸಬೇಕು, ಒಂದು ದಿನ ಗಾಳಿ ಬಿಟ್ಟು ಟೆಸ್ಟ್ ಕಿಟ್‌ನಲ್ಲಿ ನೋಡಿ. ಬೋರ್‌ವೆಲ್ ನೀರಾದರೆ ಗಡಸುತನ, ಪಿಎಚ್ ಬರೆದಿಡಿ. ಪಿಎಚ್ ಏರಿದಷ್ಟೂ ಕ್ಲೋರ್‌ಪೈರಿಫಾಸ್ ಬೇಗ ಒಡೆಯುತ್ತೆ. ಜೊತೆಗೆ ತೊಟ್ಟಿಯ ಗೋಡೆಗೆ, ಉಳಿದ ಮೇವಿಗೆ ಅಂಟಿಕೊಳ್ಳುತ್ತೆ. ದಿನಾ ನೀರು ಬದಲಿಸಿ ಮತ್ತೆ ಡೋಸ್ ಹಾಕದಿದ್ದರೆ ಬರೆದ ಡೋಸ್ ಬೇರೆ, ಮೀನಿಗೆ ಸಿಕ್ಕಿದ್ದು ಬೇರೆ.

ರೋಹುಮರಿ:
ದಿನಾ ಬದಲಿಸಿದ್ದೇವೆ. ಮೇವಿನ ಕಂಟ್ರೋಲ್ ಇಲ್ಲ. ಲಿವರ್ ತುಂಡುಗಳು -80ರಲ್ಲಿವೆ, ಅದರಲ್ಲಿ ಏನಾದರೂ ಮಾಡಬಹುದಾ?

ಪಿಪೆಟ್:
ಟ್ರೈಗ್ಲಿಸರೈಡ್, ಕೊಲೆಸ್ಟ್ರಾಲ್ ಬೇರೆಬೇರೆ ಅಳೆಯಿರಿ, ಎಂಡಿಎಯನ್ನು (ಕೊಬ್ಬು ಆಕ್ಸಿಡೈಸ್ ಆಗಿರುವುದರ ಗುರುತು) 532 ನ್ಯಾನೋಮೀಟರ್‌ನಲ್ಲಿ ನೋಡಿ. ಕೊಬ್ಬಿನ ಹನಿ ಕಣ್ಣಾರೆ ನೋಡಬೇಕಿದ್ದರೆ ಆಯಿಲ್ ರೆಡ್ ಒ ಬಣ್ಣ, ಅದೂ ಕ್ರಯೋಸ್ಟ್ಯಾಟ್ ಸೆಕ್ಷನ್ (ಹೆಪ್ಪುಗಟ್ಟಿದ್ದಾಗಲೇ ಕತ್ತರಿಸಿದ ತೆಳು ಪದರ) ಮೇಲೆ. ಪ್ಯಾರಾಫಿನ್ ಬ್ಲಾಕ್ ಮಾಡಬೇಡಿ. ಆಲ್ಕೋಹಾಲ್, ಕ್ಸೈಲೀನ್‌ನಲ್ಲೇ ಕೊಬ್ಬು ತೊಳೆದು ಹೋಗಿ ಖಾಲಿ ತೂತು ಮಾತ್ರ ಕಾಣುತ್ತೆ.