ಗದೆ ತಿರುಗಿಸಿದರೆ ಮೊಣಕೈ ನೋವು: ತೂಕ ಹೆಚ್ಚಾಯಿತೋ, ತಿರುಗಿಸುವ ರೀತಿ ತಪ್ಪೋ?

ಪ್ರಶ್ನೆ: ಹೊಸಸಾಮು

ಹತ್ತಿರದಲ್ಲಿ ಗರಡಿ ಮನೆ ಇಲ್ಲದ ಕಾರಣ ಅಂಗಳದಲ್ಲೇ ದಂಡ, ಬಸ್ಕಿ, ಗದೆ ನಡೆಸಿದ್ದೇನೆ. ಗದೆ ಮನೆಯಲ್ಲೇ ಮಾಡಿದ್ದು: ಸಿಮೆಂಟಿನ ಗುಂಡು 8 ಕೆಜಿ, ಬಿದಿರಿನ ಹಿಡಿ ನಾಲ್ಕಡಿ. ಎರಡೂ ಕೈಯಲ್ಲಿ ಹಿಡಿದು ಬೆನ್ನ ಹಿಂದಿನಿಂದ ತಿರುಗಿಸಿದರೆ ಹತ್ತು ಹನ್ನೆರಡು ಸುತ್ತಿಗೆಲ್ಲ ಬಲ ಮೊಣಕೈಯ ಒಳಬದಿ ಹಿಡಿದುಕೊಳ್ಳುತ್ತದೆ. 15 ಕೆಜಿ ಡಂಬೆಲ್ ಸಲೀಸಾಗಿ ಎತ್ತುವ ಕೈಗೆ 8 ಕೆಜಿ ಭಾರವೇ? ದಂಡ, ಬಸ್ಕಿ ಎಷ್ಟೆಷ್ಟು ಇಟ್ಟುಕೊಳ್ಳಬೇಕು ಅಂತಲೂ ತಿಳಿಸಿ. ಗಾಮಾ ಪೈಲ್ವಾನರು ದಿನಕ್ಕೆ ಸಾವಿರಗಟ್ಟಲೆ ಹೊಡೆಯುತ್ತಿದ್ದರು ಅನ್ನುತ್ತಾರಲ್ಲ.

ಉತ್ತರ: ಮಟ್ಟಿಮಣ್ಣು

ಎರಡೂ ತಪ್ಪಿವೆ, ಮೊದಲು ತೂಕ. ಡಂಬೆಲ್ಲಿನ ಭಾರ ಮುಷ್ಟಿಯಲ್ಲೇ ಇರುತ್ತದೆ. ನಿಮ್ಮ ಗದೆಯ ಭಾರ ಮುಷ್ಟಿಯಿಂದ ಹೆಚ್ಚುಕಡಿಮೆ ಒಂದು ಮೀಟರ್ ಆಚೆ ಇದೆ. ಇಲ್ಲಿ ಬರೀ ಕೆಜಿ ನೋಡಿದರೆ ಸಾಲದು, ದೂರದಿಂದ ಗುಣಿಸಬೇಕು. 8 ಕೆಜಿ 1 ಮೀಟರಿನಲ್ಲಿದ್ದರೆ ಲೆಕ್ಕ 8. 4 ಕೆಜಿ ಗುಂಡನ್ನು ಒಂದು ಗೇಣು ಮೇಲೆ, ಅಂದರೆ 75 ಸೆಂ.ಮೀ. ದೂರದಲ್ಲಿ ಹಿಡಿದರೆ ಲೆಕ್ಕ 3. ಹೊಸಬರಿಗೆ ಅಷ್ಟು ಸಾಕು.

ಗುಂಡು ಎರಕ ಹೊಯ್ಯುವಾಗ ಇನ್ನೊಂದು ಮೋಸ ಆಗುತ್ತದೆ. ಅಡ್ಡಳತೆ ಸ್ವಲ್ಪ ಹೆಚ್ಚಿದರೂ ತೂಕ ಘನದ ಲೆಕ್ಕದಲ್ಲಿ ಏರುತ್ತದೆ. 15 ಸೆಂ.ಮೀ. ಅಡ್ಡಳತೆಯ ಕಾಂಕ್ರೀಟ್ ಗುಂಡು ಸುಮಾರು 4.2 ಕೆಜಿ, 20 ಸೆಂ.ಮೀ. ಗುಂಡು 10 ಕೆಜಿ. ಕಣ್ಣಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಇನ್ನು ತಿರುಗಿಸುವುದು. ಪಾದ ಹೆಗಲಗಲಕ್ಕಿಂತ ಕೊಂಚ ಹೆಚ್ಚು, ಮಂಡಿ ಸಡಿಲ. ಗದೆ ಎದೆಯ ಮುಂದೆ ನೆಟ್ಟಗೆ, ಗುಂಡು ಮೇಲೆ, ಕೆಳಗಿನ ಮುಷ್ಟಿ ಹೊಕ್ಕುಳ ಮಟ್ಟದಲ್ಲಿ. ಅಲ್ಲಿಂದ ಗುಂಡನ್ನು ಬಲ ಭುಜದ ಮೇಲಿಂದ ಹಿಂದಕ್ಕೆ ಬೀಳಬಿಡಿ. ಮುಷ್ಟಿಗಳು ತಲೆಯ ಹಿಂದೆ ಬಂದಾಗ ಮೊಣಕೈ ಆಕಾಶ ನೋಡಬೇಕು, ಮೇಲ್ತೋಳು ಕಿವಿಯ ಪಕ್ಕ ಇರಬೇಕು. ಗುಂಡು ಬೆನ್ನ ಹಿಂದೆ ತೂಗುತ್ತಾ ಎಡಕ್ಕೆ ದಾಟುತ್ತದೆ. ದಾಟಿ ಮೇಲೇಳತೊಡಗಿದ ಮೇಲೆಯೇ ಎಳೆಯಬೇಕು, ಅದೂ ಬೆನ್ನಿನ ಬಲದಿಂದ. ಗುಂಡು ಎಡ ಭುಜದ ಮೇಲಿಂದ ಮುಂದೆ ಬರುತ್ತದೆ. ಮುಂದಿನ ಸುತ್ತು ಎಡದಿಂದ ಬಲಕ್ಕೆ.

ಹೊಸಬರು ಕೆಡುವುದು ಎರಡು ಜಾಗದಲ್ಲಿ. ಗುಂಡು ತೂಗಿ ಮುಗಿಯುವ ಮೊದಲೇ ಎಳೆದರೆ ನಿಂತ ಭಾರವನ್ನು ತೋಳೊಂದೇ ಎತ್ತಿದಂತಾಗುತ್ತದೆ. ಮುಂದೆ ಬಂದ ಗದೆಯನ್ನು ಮಣಿಕಟ್ಟಿನಿಂದ ತಡೆದರೆ ಮುಂಗೈಯ ಸ್ನಾಯುಗಳು ಮೊಣಕೈಯ ಒಳಬದಿಯ ಎಲುಬನ್ನು ಜಗ್ಗುತ್ತವೆ. ನಿಮ್ಮ ನೋವು ಇರುವುದು ಅಲ್ಲೇ. ತಡೆಯುವಾಗ ಮುಷ್ಟಿಗಳನ್ನು ಹೊಕ್ಕುಳಕ್ಕೆ ಇಳಿಸಿ, ಮೊಣಕೈ ಪಕ್ಕೆಗೆ ತಾಗಿಸಿ, ಹೊಟ್ಟೆ ಬಿಗಿ ಹಿಡಿಯಿರಿ. ಹಿಡಿತ ಬಿಗಿಯಾಗಬೇಕಾದ್ದು ಆ ಕ್ಷಣ ಮಾತ್ರ, ಬೆನ್ನ ಹಿಂದೆ ಗದೆ ಇರುವಾಗ ಬೆರಳು ಸಡಿಲವಿರಲಿ. ಹೊಡೆಯಬೇಕಾದ ಸುತ್ತುಗಳಲ್ಲಿ ಅರ್ಧದಷ್ಟು ಮುಗಿದ ಮೇಲೆ ಮೇಲಿನ ಕೈ ಕೆಳಗೆ, ಕೆಳಗಿನದು ಮೇಲೆ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ, ಒಂದೇ ಮೊಣಕೈ ನೋಯುವುದಕ್ಕೆ ಅದೂ ಕಾರಣ.

ಉತ್ತರ: ಕಲ್ಲುಗುಂಡು

ಗಾಮಾನ ಲೆಕ್ಕ ಬಿಡ್ರಿ. 1910ರಾಗ ಲಂಡನ್ನಿಗೆ ಹೋಗಿ ಝ್ಬಿಸ್ಕೋ ಅನ್ನೂ ಪೋಲೆಂಡಿನ ಪೈಲ್ವಾನನ ಜೋಡಿ ಕುಸ್ತಿ ಹಿಡಿದಂವ, ಸಣ್ಣಂವ ಇದ್ದಾಗಿಂದ ಸಾಮು ಮಾಡಿದಂವ. ಮೊದಲ ದತಿಯಾ, ಆಮ್ಯಾಲೆ ಪಟಿಯಾಲ ಸಂಸ್ಥಾನ ಅಂವಗ ಅನ್ನ ಹಾಕ್ತು. ಉಣ್ಣೂದು, ಮಲಗೂದು, ಸಾಮು ಮಾಡೂದು ಬಿಟ್ಟರ ಬ್ಯಾರೆ ಉದ್ಯೋಗ ಇದ್ದಿಲ್ಲ. ನೌಕರಿ ಮಾಡೂ ಮಂದಿ ಆ ಎಣಿಕಿ ಹಿಡಿದರ ಮಂಡಿಚಿಪ್ಪು ಸವಿತಾವ.

ಒಂದು ದಂಡಕ್ಕ ಎರಡು ಬಸ್ಕಿ, ಇದು ಹಳೇ ಲೆಕ್ಕ, ಇವತ್ತಿಗೂ ಛಲೋ ಐತಿ. ಶುರುವಿಗೆ 8 ದಂಡದ ಐದು ಸರತಿ, 16 ಬಸ್ಕಿದ ಐದು ಸರತಿ, ವಾರಕ್ಕ ನಾಕು ದಿನ. ವಾರಕ್ಕೊಮ್ಮೆ ಸರತಿಗೆ ಒಂದು ದಂಡ, ಎರಡು ಬಸ್ಕಿ ಏರಿಸ್ರಿ. ಕಡೀ ಎರಡು ದಂಡ ಹೊಡಿಯೂ ಮುಂದ ಟೊಂಕ ಜೋತು ಬಿದ್ದರ ಆ ವಾರ ಏರಿಸಬ್ಯಾಡ್ರಿ.

ದಂಡದಾಗ ಎದಿ ನೆಲದ ಸಮೀಪ ಹಾದು ಮುಂದ ಹೋಗಿ ತಲಿ ಎತ್ತೂ ಮುಂದ ಕುಂಡಿ ಬಿಗಿ ಇರಬೇಕು, ಇಲ್ಲಂದ್ರ ಎಲ್ಲಾ ಜಗ್ಗು ನಡುವಿನ ಮ್ಯಾಲೆ ಬೀಳ್ತೈತಿ. ಮಣಿಕಟ್ಟು ನೋಯ್ತಿದ್ದರ ಎರಡು ಮರದ ತುಂಡು ಇಟ್ಟು ಅದನ್ನ ಮುಷ್ಟಿಲೆ ಹಿಡೀರಿ. ಬಸ್ಕಿದಾಗ ಕೆಳಗ ಇಳಿಯೂ ಮುಂದ ಹಿಮ್ಮಡಿ ಏಳ್ತಾವ, ಅದು ಸರಿ ಐತಿ. ತಳಕ್ಕ ಹೋಗಿ ಪುಟಿಯೂದು ಮಾತ್ರ ಸರಿ ಅಲ್ಲ. ಮಂಡಿ ನೋವು ಇದ್ದವರು ತೊಡಿ ನೆಲಕ್ಕ ಸಮ ಆಗೂ ತನಕ ಅಷ್ಟ ಇಳೀರಿ.

ಉತ್ತರ: ಸಾಮುಗಾರ

ಕಲ್ಲುಗುಂಡು ಅಣ್ಣ ಹೇಳಿದ ಎಣಿಕೆ ಸರಿ, ಆದರೆ ನೋವಿರುವ ಕೈಗೆ ವಾರಕ್ಕೆ ನಾಲ್ಕು ದಿನ ದಂಡ ಬೇಡ. ದಂಡದಲ್ಲೂ ಗದೆಯಲ್ಲೂ ದುಡಿಯುವುದು ಅದೇ ಮುಂಗೈ. ಎರಡು ವಾರ ಗದೆ ಪೂರ್ತಿ ನಿಲ್ಲಿಸಿ, ದಂಡ ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಬಸ್ಕಿ ಬೇಕಾದರೆ ಮುಂದುವರಿಸಿ. ಆಮೇಲೆ 4 ಕೆಜಿ ಗದೆಯಲ್ಲಿ ಹತ್ತು ಹತ್ತು ಸುತ್ತಿನ ಮೂರು ಸರತಿ, ದಿನ ಬಿಟ್ಟು ದಿನ. ಮರುದಿನ ಬೆಳಿಗ್ಗೆ ತಂಬಿಗೆ ಎತ್ತುವಾಗ ನೋವಿಲ್ಲದಿದ್ದರೆ ಮಾತ್ರ ಏರಿಸಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅದು ನರದ ಸಮಾಚಾರ, ಸ್ನಾಯುವಿನದಲ್ಲ. ಕಾಯಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಈಗಿನವರಿಗೆ ಗದೆಯ ಮೇಲೆ ಇರುವ ಮೋಹ ಸ್ವಲ್ಪ ಅತಿ ಅಂತ ನನ್ನ ಅಭಿಪ್ರಾಯ, ವಿಡಿಯೋದಲ್ಲಿ ಚೆಂದ ಕಾಣುತ್ತದೆ ಅಷ್ಟೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳ ಸಾಮು ಹೇಳುವಾಗ ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಸಾಮು ಎಲ್ಲವೂ ಬರುತ್ತವೆ. ಅದು 12ನೇ ಶತಮಾನದ ಮಾತು. ಮೊಣಕೈ ವಾಸಿಯಾಗುವ ತನಕ ಭಾರ ಹೊತ್ತು ನಡೆಯಿರಿ. ಗೋಣಿಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು 20 ಕೆಜಿ ಒಣ ಮರಳು ತುಂಬಿ ಬಾಯಿ ಕಟ್ಟಿ. ಚೀಲ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿರಲಿ, ಪೂರ್ತಿ ಬಿಗಿದರೆ ಹೆಗಲ ಮೇಲೆ ಕೂರುವುದಿಲ್ಲ. ಒಂದೊಂದು ಹೆಗಲಿಗೆ 50 ಮೀಟರ್, ನಾಲ್ಕು ಸಲ.

ಹೊಸಸಾಮು: ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ: ಗದೆ ಅಲ್ಲಾಡಿಸಿದರೆ ಹಿಡಿ ಒಳಗೆ ಲೊಡಲೊಡ ಅನ್ನುತ್ತದೆ. ಬಿರುಕೇನೂ ಕಾಣುತ್ತಿಲ್ಲ. ಅಂಟು ಹಾಕಿದರೆ ಸಾಕಾ?

ಉತ್ತರ: ಮಟ್ಟಿಮಣ್ಣು

ಆ ಗದೆಯನ್ನು ಇವತ್ತೇ ಪಕ್ಕಕ್ಕಿಡಿ, ಅಂಟು ಬೇಡ. ಗುಂಡು ಕಳಚಿಕೊಂಡರೆ ಬೀಳುವುದು ನಿಮ್ಮ ಬೆನ್ನಿಗೋ ತಲೆಗೋ. ಬಿದಿರು ಹಸಿ ಕಾಂಕ್ರೀಟಿನ ನೀರು ಕುಡಿದು ಉಬ್ಬುತ್ತದೆ, ಆಮೇಲೆ ಒಣಗಿ ಕುಗ್ಗುತ್ತದೆ, ಸುತ್ತ ಸಂದು ಉಳಿಯುತ್ತದೆ.

ಹೊಸ ಗದೆಗೆ ಒಳಗೆ ಪೊಳ್ಳಿಲ್ಲದ, ಚೆನ್ನಾಗಿ ಒಣಗಿದ ಗಟ್ಟಿ ಬಿದಿರು ಆರಿಸಿ. ಗುಂಡಿನೊಳಗೆ ಹೋಗುವ ಭಾಗಕ್ಕೆ ಎರಡು ಕೋಟ್ ಎಣ್ಣೆಬಣ್ಣ ಬಳಿದು ಒಣಗಿಸಿ, ನೀರು ಹೀರುವುದಿಲ್ಲ. ಅದೇ ಭಾಗದಲ್ಲಿ ಅಡ್ಡಡ್ಡ ಎರಡು ತೂತು ಕೊರೆದು 6 ಮಿ.ಮೀ. ಕಬ್ಬಿಣದ ಸರಳು ಹಾಯಿಸಿ, ಒಂದಕ್ಕೊಂದು ಅಡ್ಡವಾಗಿ, ಎರಡೂ ಕಡೆ ಎರಡು ಬೆರಳು ಚಾಚಿರಲಿ. ಮೊಳೆ ಹೊಡೆಯಲು ಹೋದರೆ ಬಿದಿರು ಸೀಳುತ್ತದೆ. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಎರಡು ಮರಳು, ಎರಡು ಸಣ್ಣ ಜಲ್ಲಿ ಹಾಕಿ ನೀರು ಆದಷ್ಟು ಕಡಿಮೆ ಬಳಸಿ. ಒದ್ದೆ ಗೋಣಿ ಸುತ್ತಿ ಏಳು ದಿನ ನೀರುಣಿಸಿ, 28 ದಿನ ಆಗುವ ತನಕ ತಿರುಗಿಸಬೇಡಿ. ಹಿಡಿಯ ಕೆಳತುದಿಗೆ ಹಗ್ಗದ ಗಂಟು ಕಟ್ಟಿಕೊಂಡರೆ ಬೆವರಿದ ಕೈಯಿಂದ ಜಾರುವುದಿಲ್ಲ.