ಸಹಾಯ ಬೇಕು: ಭೂ ನಿರ್ವಹಣೆ ಕೆಲಸ, ಬ್ರಿಟನ್ ವೀಸಾ

ಎಲ್ಲರಿಗೂ ನಮಸ್ಕಾರ. ನಾನು ಗದಗಿನವನು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಆರು ವರ್ಷಗಳಿಂದ ರೋಣ, ನರಗುಂದದ ಎರೆಹೊಲಗಳಲ್ಲಿ ಜಲಾನಯನ ಕೆಲಸ ಮಾಡುತ್ತಿದ್ದೇನೆ. ಬದು, ಕೃಷಿ ಹೊಂಡ, ಮಣ್ಣಿನ ನಕ್ಷೆ, ಎಲ್ಲವೂ ಕೈಯಾರೆ ಕಲಿತದ್ದು. ಈಗ ಬ್ರಿಟನ್ನಿನಲ್ಲಿ ಇಂಥದೇ ಭೂ ನಿರ್ವಹಣೆ ಕೆಲಸ ಹುಡುಕುತ್ತಿದ್ದೇನೆ.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಪರವಾನಗಿ ಪಡೆದ ಉದ್ಯೋಗದಾತರೇ ಪ್ರಾಯೋಜಕತ್ವ ಪ್ರಮಾಣಪತ್ರ ಕೊಡಬೇಕು. ಅಂಥವರ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ. ತೊಡಕಿರುವುದು ಸಂಬಳದಲ್ಲಿ: 2025ರ ಜುಲೈನಲ್ಲಿ ಈ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳದ ಸಾಮಾನ್ಯ ಮಿತಿಯನ್ನು ವರ್ಷಕ್ಕೆ 41,700 ಪೌಂಡ್‌ಗೆ ಏರಿಸಿದ್ದಾರೆ. ನಾನು ನೋಡಿದ ಹುದ್ದೆಗಳು ಅದರ ಹತ್ತಿರವೂ ಸುಳಿಯುತ್ತಿಲ್ಲ.

ಹುಬ್ಬಳ್ಳಿಯ ಏಜೆಂಟರೊಬ್ಬರು ಪ್ರಮಾಣಪತ್ರ ‘ಕೊಡಿಸಲು’ ನಾಲ್ಕು ಲಕ್ಷ ಕೇಳಿದರು. ನಮ್ಮ ದೇಶದ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲವಲ್ಲ, ಎದ್ದು ಬಂದೆ. ಅಪ್ಪ ಮಾತ್ರ ಎರಡು ಎಕರೆ ಒತ್ತೆ ಇಡಲು ತಯಾರಾಗಿದ್ದಾರೆ. ನೆಲ ಕಾಯುವ ಕೆಲಸಕ್ಕೆ ನೆಲವನ್ನೇ ಒತ್ತೆ ಇಡುವುದೇ?

ನಮ್ಮ ಕಡೆಯಿಂದ ಈ ಕ್ಷೇತ್ರಕ್ಕೆ ಹೋದವರು ಯಾರಾದರೂ ಇದ್ದೀರಾ? ಅಲ್ಲಿನ ದೊಡ್ಡ ಜಮೀನುಗಳ ಎಸ್ಟೇಟ್‌ಗಳಿಗೆ ಅರ್ಜಿ ಹಾಕಬೇಕೇ, ಪರಿಸರ ಸಲಹಾ ಸಂಸ್ಥೆಗಳಿಗೇ? ಸಂಬಂಧಿತ ಪಿಎಚ್.ಡಿ. ಇದ್ದರೆ ಸಂಬಳದ ಮಿತಿ ಇಳಿಯುತ್ತದೆ. ಅದಕ್ಕಾಗಿ ಮತ್ತೆ ಧಾರವಾಡದ ಹಾಸ್ಟೆಲ್ ಸೇರುವುದು ಲೇಸೇ? ಅನುಭವವಿದ್ದವರು ದಯವಿಟ್ಟು ತಿಳಿಸಿ. ಏಜೆಂಟರ ನಂಬರ್ ಮಾತ್ರ ಬೇಡ.