‘ದೇವರಿಗೆ ಬೇರೆ ಯೋಜನೆ ಇದೆ’ ಎನ್ನುತ್ತಾರೆ: ನೀವು ಹೇಗೆ ನಿಭಾಯಿಸಿದಿರಿ?

ಪ್ರಶ್ನೆ:
ನಿಶ್ಚಯವಾಗಿದ್ದ ನನ್ನ ಮದುವೆ ಮುರಿದುಬಿದ್ದಿದೆ. ಮನೆಯವರೆಲ್ಲ ಪ್ರಾರ್ಥಿಸಿ, ಸಭಾಪಾಲಕರನ್ನೂ ಕೇಳಿ, ದೇವರೇ ಕೂಡಿಸಿದ ಸಂಬಂಧ ಎಂದು ಒಪ್ಪಿಕೊಂಡದ್ದು. ಹುಡುಗನ ಕಡೆಯವರು ಫೋನಿನಲ್ಲೇ ಬೇಡವೆಂದರು, ಕಾರಣ ಹೇಳಲಿಲ್ಲ. ಈಗ ಸಿಕ್ಕವರೆಲ್ಲ ‘ದೇವರಿಗೆ ಇದಕ್ಕಿಂತ ಒಳ್ಳೆಯ ಯೋಜನೆ ಇದೆ’ ಎನ್ನುತ್ತಾರೆ. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುವುದಿಲ್ಲ. ಇಂಥದ್ದನ್ನು ಕಂಡವರು ದೇವರ ಮೇಲಿನ ಭರವಸೆಯನ್ನು ಹೇಗೆ ಉಳಿಸಿಕೊಂಡಿರಿ? ದಯವಿಟ್ಟು ಸತ್ಯವೇದದಿಂದ (ಬೈಬಲಿನಿಂದ) ಸಮಾಧಾನದ ವಚನ ಕಳುಹಿಸಬೇಡಿ, ಆಗಲೇ ಬೇಕಾದಷ್ಟು ಬಂದಿವೆ.

ಹಿಂದೆ ಗಾಯನ ತಂಡದಲ್ಲಿದ್ದವರೊಬ್ಬರು:
ಸಹೋದರಿ, ಹಾಡುವುದೇ ದೇವರು ನನಗೆ ಕೊಟ್ಟ ಸೇವೆ ಎಂಬುದರಲ್ಲಿ ನನಗಾಗಲಿ ಸಭೆಗಾಗಲಿ ಅನುಮಾನವಿರಲಿಲ್ಲ. ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಯಿತು. ಧ್ವನಿಪೆಟ್ಟಿಗೆಯ ನರಗಳು ಆ ಗ್ರಂಥಿಯ ಪಕ್ಕದಲ್ಲೇ ಹಾದುಹೋಗುತ್ತವೆ, ಅಪರೂಪಕ್ಕೆ ಅವುಗಳಿಗೆ ಪೆಟ್ಟಾಗುವುದುಂಟು ಎಂದು ವೈದ್ಯರು ಮೊದಲೇ ಹೇಳಿದ್ದರು. ಆ ಅಪರೂಪ ನನ್ನ ಪಾಲಿಗೆ ಬಂತು. ಮಾತು ಮರಳಿತು, ಮೇಲಿನ ಸ್ವರಗಳು ಮರಳಲಿಲ್ಲ. ತಾರಷಡ್ಜ ಮುಟ್ಟಲು ಹೋದರೆ ಬರೀ ಗಾಳಿ.

ಈಗ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ. ‘ನೋಡಿ, ಇದಕ್ಕಾಗಿಯೇ ದೇವರು ಧ್ವನಿ ತೆಗೆದುಕೊಂಡದ್ದು, ಸಭೆಯ ಮುಂದೆ ಸಾಕ್ಷಿ ಹೇಳಿ’ ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ. ಧ್ವನಿ ಇದ್ದಿದ್ದರೂ ಹಾರ್ಮೋನಿಯಂ ಕಲಿಸಬಹುದಿತ್ತಲ್ಲ! ದೇವರನ್ನು ನಂಬುತ್ತೇನೆ. ಆದರೆ ಆತನ ಪರವಾಗಿ ಲೆಕ್ಕ ತಾಳೆ ಮಾಡಿ ತೋರಿಸುವ ಕೆಲಸ ನನ್ನದಲ್ಲ.

ಸತ್ಯವೇದದ ಯೋಸೇಫನು ತನ್ನ ಅಣ್ಣಂದಿರಿಗೆ ಹೇಳಿದ ಮಾತನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ: ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದನು ಎಂದು. ಅದನ್ನು ಯಾರು, ಯಾವಾಗ ಹೇಳಿದರು ಎಂಬುದನ್ನು ನೋಡಿ. ಅವನ ಕಥೆ ಶುರುವಾಗುವಾಗ ಅವನಿಗೆ 17 ವರ್ಷ. ಅಣ್ಣಂದಿರು ಮಾರಿದರು, ಜೀತವಾಯಿತು, ಸೆರೆಮನೆಯಾಯಿತು, ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ಈ ಮಾತು ಬರುವುದು ಅದಕ್ಕೂ ಎಷ್ಟೋ ವರ್ಷಗಳ ನಂತರ, ತಂದೆ ತೀರಿಕೊಂಡ ಮೇಲೆ. ಆಡಿದವನು ಯೋಸೇಫನೇ, ಸೆರೆಮನೆಗೆ ಬಂದು ಯಾರೋ ಅವನಿಗೆ ಉಪದೇಶಿಸಿದ್ದಲ್ಲ. ನಿಮಗೂ ಹಾಗೆ ಕಂಡ ದಿನ ನೀವೇ ಹೇಳಿ. ಕಾಣದಿದ್ದರೆ ಹೇಳಬೇಡಿ.

ಮಾತು ಹೊರಡದಿದ್ದಾಗ ನಾನು 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. (ವಚನ ಬೇಡ ಎಂದಿದ್ದೀರಿ, ಆದರೆ ಇದು ಸಮಾಧಾನದ್ದಲ್ಲ!) ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದನ್ನೂ ಪ್ರಾರ್ಥನೆಯೆಂದೇ ಸತ್ಯವೇದದಲ್ಲಿ ಸೇರಿಸಿದ್ದಾರಲ್ಲ, ಅದು ನನಗೆ ದೊಡ್ಡ ಆಸರೆಯಾಯಿತು.

ವ್ಯಾಪಾರ ಬಿಟ್ಟು ನೌಕರಿ ಹಿಡಿದವರೊಬ್ಬರು:
ನನ್ನ ಅಂಗಡಿ ಮುಚ್ಚಿದಾಗ ಪ್ರವಾದಿ ಯೆರೆಮೀಯನ ಪುಸ್ತಕದ 29:11ನೆಯ ವಚನಕ್ಕೆ ಚೌಕಟ್ಟು ಹಾಕಿಸಿ ಉಡುಗೊರೆ ಕೊಟ್ಟರು. ಹಿತದ ಯೋಚನೆಗಳು, ಕೇಡಿನವಲ್ಲ ಎಂಬ ವಚನ. ಅದರ ಹಿಂದಿನ ವಚನಕ್ಕೆ ಯಾರೂ ಚೌಕಟ್ಟು ಹಾಕಿಸುವುದಿಲ್ಲ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರ ಅದು. 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಬರಮಾಡುತ್ತೇನೆ ಎನ್ನುತ್ತದೆ. ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಅಲ್ಲಿಯೇ ಮಣ್ಣಾಗಬೇಕಾದವರು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷ ಎಂದಿದ್ದ. ಜನರಿಗೆ ಯಾರ ಮಾತು ಇಂಪಾಗಿದ್ದಿರಬಹುದು, ನೀವೇ ಯೋಚಿಸಿ. ಯೆರೆಮೀಯನ ಪತ್ರದಲ್ಲಿದ್ದದ್ದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬ ದಿನನಿತ್ಯದ ಮಾತು.

ಆದ್ದರಿಂದ ‘ಈ ವರ್ಷ ಮುಗಿಯುವುದರೊಳಗೆ ಇದಕ್ಕಿಂತ ಒಳ್ಳೆಯ ಹುಡುಗ ಸಿಗುತ್ತಾನೆ’ ಎಂದು ಗಡುವು ಹಾಕಿಕೊಡುವವರಿಂದ ದೂರವಿರಿ. ನಾನು ಸಾಲ ತೀರಿಸಲು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಅದು ದೇವರ ಯೋಜನೆಯೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಸಾಲವಂತೂ ತೀರಿತು.

ನರ್ಸ್ ಒಬ್ಬರು:
ಊಟ, ನಿದ್ದೆ ಸರಿಯಾಗಿದೆಯೇ? ಪ್ರವಾದಿ ಎಲೀಯನು ಸಾಯಬೇಕೆಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಬೋಧನೆ ಮಾಡಲಿಲ್ಲ, ತಟ್ಟಿ ಎಬ್ಬಿಸಿ ರೊಟ್ಟಿ ಕೊಟ್ಟ. ಅವನು ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಕೊಟ್ಟ. ಮಾತುಕತೆ ಎಲ್ಲ ಆಮೇಲೆ. ನಿದ್ದೆ ಬಾರದೆ ವಾರಗಳು ಕಳೆದಿದ್ದರೆ ವೈದ್ಯರನ್ನು ಕಾಣಿ, ಅದರಿಂದ ವಿಶ್ವಾಸಕ್ಕೇನೂ ಕುಂದಿಲ್ಲ.

ಇನ್ನೊಬ್ಬರು:
ನನ್ನದು ಸ್ವಲ್ಪ ಖಾರದ ಮಾತು. ಫೋನಿನಲ್ಲಿ ಸಂಬಂಧ ಮುರಿದವರು ಮನುಷ್ಯರು. ಅವರ ಹೇಡಿತನವನ್ನು ದೇವರ ತಲೆಗೆ ಕಟ್ಟುವುದೇಕೆ? ಯೋಸೇಫನು ಕೂಡ ‘ನೀವು ಕೇಡು ಬಗೆದಿರಿ’ ಎಂಬ ಅರ್ಧವನ್ನು ನುಂಗಿಕೊಳ್ಳಲಿಲ್ಲ. ಮದುವೆಗೆಂದು ಕೊಟ್ಟ ಮುಂಗಡವೇನಾದರೂ ಅವರಿಂದ ಬರಬೇಕಿದ್ದರೆ ಕೇಳಿ ಪಡೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಆ ಕೀರ್ತನೆ ಓದಿದೆ. ಬಹಳ ದಿನಗಳ ನಂತರ ಅಳು ಬಂತು. ಇನ್ನೊಂದು ವಿಷಯ: ಅವರ ಮನೆಯವರೂ ನಮ್ಮ ಸಭೆಗೇ ಬರುತ್ತಾರೆ. ಭಾನುವಾರ ಎದುರಾದರೆ ಏನು ಮಾಡಲಿ?

ಗಾಯನ ತಂಡದಲ್ಲಿದ್ದವರು:
ಬೇರೆ ಹೊತ್ತಿನ ಆರಾಧನೆ ಇದ್ದರೆ ಸ್ವಲ್ಪ ಕಾಲ ಅದಕ್ಕೆ ಹೋಗಿ. ಇಲ್ಲದಿದ್ದರೆ ಬಾಗಿಲ ಬಳಿಯ ಸಾಲಿನಲ್ಲಿ ಕುಳಿತುಕೊಳ್ಳಿ, ಆಶೀರ್ವಾದ ಮುಗಿದ ಕೂಡಲೇ ಹೊರಡಬಹುದು. ಮಾತನಾಡಿಸಿದರೆ ನಮಸ್ಕಾರ ಹೇಳಿ, ಅಷ್ಟು ಸಾಕು. ಅಲ್ಲೇ ನಿಂತು ‘ಕ್ಷಮಿಸಿದ್ದೇನೆ’ ಎಂದು ಹೇಳುವಂತೆ ಯಾರಾದರೂ ಒತ್ತಾಯಿಸಿದರೆ, ‘ಆಮೇಲೆ’ ಎನ್ನಿ.